ಎಡಕ್ಕೆ ಸುತ್ತಿದ ಮಂಗಳಾರತಿ

ಮೇಷ್ಟ್ರು ಹೋದರು ಎಂಬ ಸುದ್ದಿ ಬಂದಾಗ ನಾನು ತಿ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಾಗೆಂದು ನನ್ನ ನೆನಪು. ಹೆಂಡತಿಯನ್ನು ಕೇಳಿದರೆ, "ಎಲ್ಲಿಯ ಬಸ್ಸು? ಅವತ್ತು ಭಾನುವಾರ. ನೀವು ಹಿತ್ತಲಲ್ಲಿ ಬಟ್ಟೆ ಒಣಹಾಕ್ತಾ ಇದ್ರಿ. ಫೋನ್ ತಂದುಕೊಟ್ಟವಳೇ ನಾನು" ಎನ್ನುತ್ತಾಳೆ. ಅವಳು ಹೇಳುವುದೇ ಸರಿ ಇರಬೇಕು; ಭಾನುವಾರ ನಮಗೆ ಕಾಲೇಜಿಲ್ಲ. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬಸ್ಸಿನ ಕಿಟಕಿ, ಮುಂದೆ ಹೋಗುತ್ತಿರುವ ಕಬ್ಬಿನ ಟ್ರ್ಯಾಕ್ಟರು, ಕೈಯಲ್ಲಿ ಫೋನು.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ನರಸೀಪುರದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು ನಾನು. ನೆನಪು ನಂಬತಕ್ಕ ವಸ್ತುವಲ್ಲ ಎಂದು ಪ್ರತಿ ವರ್ಷವೂ ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ಇಲ್ಲಿ ಬರೆಯುವುದನ್ನೂ ಅಷ್ಟೇ ಅನುಮಾನದಿಂದ ಓದುವುದು ಒಳ್ಳೆಯದು. ಒಂದು ವಿಷಯಕ್ಕೆ ಮಾತ್ರ ನೆನಪಿನ ಹಂಗಿಲ್ಲ. ಅದು ನನ್ನ ಫೋನಿನಲ್ಲಿದೆ. ತೆರೆದಾಗಲೆಲ್ಲ ಮೇಷ್ಟ್ರು ಅಲ್ಲಿ ಮಂಗಳಾರತಿ ಎತ್ತುತ್ತಿರುತ್ತಾರೆ.

ನಂಜನಗೂಡಿನಲ್ಲಿ ಅವರದು ನಮ್ಮ ಎದುರುಮನೆ. ಹೆಮ್ಮರಗಾಲದ ಕಡೆಯ ಶಾಲೆಗಳಲ್ಲಿ ಮಗ್ಗಿ ಕಲಿಸಿ ನಿವೃತ್ತರಾಗಿದ್ದರು. ನಮ್ಮ ಬೀದಿ ಕಪಿಲೆಯ ಕಡೆಗೆ ಇಳಿಯುವಲ್ಲಿ ಒಂದು ಪುಟ್ಟ ಆಂಜನೇಯನ ಗುಡಿ ಇದೆ; ಅದರ ಪೂಜೆ ಅವರ ಮನೆತನದ್ದು. ಶಾಲೆಗೆ ಹೋಗುವ ಮುಂಚೆ ಬೆಳಗಿನ ಪೂಜೆ, ಬಂದ ಮೇಲೆ ಸಂಜೆಯದು. ನಿವೃತ್ತಿಯಾದ ಮೇಲೆ ಹಗಲೆಲ್ಲ ಗುಡಿಯ ಜಗಲಿಯಲ್ಲೇ ಇರುತ್ತಿದ್ದರು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ವಿಜಯಾ, ಮದುವೆಯಾಗಿ ನರಸೀಪುರದಲ್ಲಿದ್ದಾಳೆ, ಅಲ್ಲೇ ಅಂಚೆ ಕಚೇರಿಯಲ್ಲಿ ಕೆಲಸ.

ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು, ಕಿವಿಯಲ್ಲಿ ಬಿಳಿ ಕೂದಲು. ಅವರ ಬಲಗೈ ಎಡಗೈಗಿಂತ ತುಸು ದಪ್ಪ. ಯಾರಾದರೂ ಅದನ್ನು ಗಮನಿಸಿದರೆ ಅವರಿಗೆ ಖುಷಿ. "ಹಿತ್ತಾಳೆ ತಟ್ಟೆ ಕಣಯ್ಯ. ಅಪ್ಪನ ಕಾಲದ್ದು. ಅದನ್ನ ದಿನಾ ಎತ್ತಿ ಇಳಿಸಿದ್ರೆ ನಿನ್ನ ಜಿಮ್ಮೂ ಬೇಡ, ಗಿಮ್ಮೂ ಬೇಡ" ಎನ್ನುತ್ತಿದ್ದರು. ಮಾತಾಡುವಾಗ ಆ ಕೈ ಸುಮ್ಮನಿರುತ್ತಿರಲಿಲ್ಲ. ಗಾಳಿಯಲ್ಲಿ ಸುತ್ತು ಹಾಕುತ್ತಿತ್ತು. ಕಾಫಿಗೆ ಸಕ್ಕರೆ ಕಲಕುವುದು, ಒದ್ದೆ ಪಂಚೆ ಹಿಂಡುವುದು, ತಲೆಗೆ ವಸ್ತ್ರ ಸುತ್ತುವುದು, ಎಲ್ಲವೂ ಬಲಕ್ಕೆ. ಅವರ ಹತ್ತಿರ ಓದಿದವನೊಬ್ಬ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ ಹೇಳಿದ್ದ: "ನಮ್ಗೆ ಏಟು ಕೊಡ್ತಿರ್ಲಿಲ್ಲ ಸಾ ಅವ್ರು. ಯಾರಾದ್ರೂ ಜಗಳ ಆಡುದ್ರೆ, ಓಗ್ಲಾ, ಬೇವಿನ ಮರ ಒಂದ್ ಬಲಸುತ್ತು ಸುತ್ಕೊಂಡ್ ಬಾ, ಅಮ್ಯಾಕೆ ಜಗಳ ಆಡೀಯಂತೆ ಅನ್ನೋರು. ಸುತ್ಕೊಂಡ್ ಬರೋ ಒತ್ಗೆ ಸಿಟ್ಟೇ ಇರ್ತಿರ್ಲಿಲ್ಲ ಕಣಿ."

ಇದನ್ನೆಲ್ಲ ನಾನು ನೋಡಿದ್ದೆ, ಕೇಳಿದ್ದೆ. ಬೇಕಾದಾಗ ಇದರಲ್ಲಿ ಒಂದೂ ನನ್ನ ತಲೆಗೆ ಬರಲಿಲ್ಲ.

ನಮ್ಮಿಬ್ಬರಿಗೂ ಸಂಜೆಯ ವಾದ ಅಭ್ಯಾಸವಾಗಿತ್ತು. ಪೂಜೆ ಮುಗಿಸಿ, ಗರ್ಭಗುಡಿಗೆ ಬೀಗ ಹಾಕಿ, ಜಗಲಿಯ ಕಂಬಕ್ಕೆ ಒರಗಿ ಕೂತು, "ಬಾರಯ್ಯ ಅನುಮಾನದ ಮೇಷ್ಟ್ರೇ, ಇವತ್ತು ಯಾವುದನ್ನ ಕೆಡವಬೇಕು ಅಂತಿದೀಯ?" ಎಂದು ಕರೆಯುತ್ತಿದ್ದರು. ನಾನು ದೇವರನ್ನು ನಂಬುವವನಲ್ಲ. ಅವರಿಗೆ ಅದರ ಬಗ್ಗೆ ತಕರಾರಿರಲಿಲ್ಲ. "ನೀನು ಬಂದು ಕೂತರೆ ಸಾಕು. ಹನುಮಂತನಿಗೂ ಒಂದು ಬದಲಾವಣೆ" ಎನ್ನುತ್ತಿದ್ದರು.

ಅವರ ಒಂದು ಗುಣ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಒಂದು ಮಾತು ಸರಿ ಎಂದು ಒಪ್ಪಿದರೆ, ಮಾರನೆಯ ದಿನದಿಂದ ಹಾಗೇ ನಡೆದುಬಿಡುತ್ತಿದ್ದರು. ಗ್ರಹಣದ ಹೊತ್ತಿನಲ್ಲಿ ಊಟ ತಿಂಡಿ ಮಾಡಬಾರದು ಎಂಬುದಕ್ಕೆ ಆಧಾರವೇನು ಎಂದು ನಾನು ಒಮ್ಮೆ ಕೆಣಕಿದೆ. ಹಲವು ಸಂಜೆ ಅದೇ ನಡೆಯಿತು. ಚಂದ್ರ ಎಲ್ಲಿ ಬರುತ್ತಾನೆ, ನೆರಳು ಎಲ್ಲಿ ಬೀಳುತ್ತದೆ, ನೆರಳಿಗೂ ಅನ್ನಕ್ಕೂ ಏನು ನಂಟು, ಎಲ್ಲ ಕೇಳಿದರು. ಕೊನೆಗೆ ತೊಡೆ ತಟ್ಟಿಕೊಂಡು, "ಒಪ್ಪಿದೆ" ಎಂದರು. ಮುಂದಿನ ಸೂರ್ಯಗ್ರಹಣದ ದಿನ ಬೀದಿಯೆಲ್ಲ ಬಾಗಿಲು ಹಾಕಿಕೊಂಡಿತ್ತು. ಮೇಷ್ಟ್ರು ಪದ್ಧತಿಯಂತೆ ಗುಡಿಗೆ ಬೀಗ ಹಾಕಿ ಬಂದು, ತಮ್ಮ ಮನೆಯ ಮುಂದೆ ಕುರ್ಚಿ ಹಾಕಿ, ಎಲ್ಲರಿಗೂ ಕೇಳಿಸುವಂತೆ ಸೊರ್ರೆಂದು ಕಾಫಿ ಕುಡಿದರು.

"ಪ್ರೊಫೆಸರೇ, ಬಾರಯ್ಯ ಕಾಫಿಗೆ!"

ನಾನು ಒಳಗಿದ್ದೆ. ಅತ್ತೆ ಬಂದಿದ್ದರು. ಅವರಿಗೆ ಅಂಜಿ ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಕಿಟಕಿಯಿಂದಲೇ, "ತಲೆನೋವು ಮೇಷ್ಟ್ರೇ" ಎಂದು ಕೂಗಿದೆ.

"ಬರುತ್ತೆ ಕಣಯ್ಯ, ಬರುತ್ತೆ. ಖಾಲಿ ಹೊಟ್ಟೇಲಿದ್ರೆ ತಲೆನೋವು ಬಂದೇ ಬರುತ್ತೆ!"

ಈಚಿನ ದಿನಗಳಲ್ಲಿ ನಮ್ಮ ವಾದ ನೆನಪಿನ ಸುತ್ತ ತಿರುಗುತ್ತಿತ್ತು. ತಾವು ಹುಡುಗರಾಗಿದ್ದಾಗ ರಸಬಾಳೆ ಮಾಗಿದರೆ ಬೀದಿಯ ಆ ತುದಿಗೂ ವಾಸನೆ ಬರುತ್ತಿತ್ತು, ಈಗ ರಸಬಾಳೆ ಅಂತ ಮಾರುವುದಕ್ಕೆ ಮೂಗಿಗೆ ಹಿಡಿದರೂ ವಾಸನೆಯಿಲ್ಲ ಎಂದು ಅವರು ಹೇಳಿದರು. ಹಣ್ಣು ಬದಲಾಗಿರಬಹುದು, ಆದರೆ ನೆನಪೂ ಸಿಹಿ ಸೇರಿಸುತ್ತದೆ ಎಂದು ನಾನು ಶುರುಮಾಡಿದೆ. ನಾವು ಕಂಡದ್ದು ಹಾಗೇ ಉಳಿಯುವುದಿಲ್ಲ, ಪ್ರತಿ ಸಲ ನೆನೆದಾಗಲೂ ಹೊಸದಾಗಿ ಕಟ್ಟಿಕೊಳ್ಳುತ್ತೇವೆ, ಕಟ್ಟಿದ್ದನ್ನೇ ಕಂಡದ್ದು ಎಂದುಕೊಳ್ಳುತ್ತೇವೆ ಎಂದೆ. "ಹಾಗಾದ್ರೆ ಹಣ್ಣು ಕೆಟ್ಟಿಲ್ಲ, ನಾನು ಕೆಟ್ಟಿದೀನಿ ಅಂತೀಯ?" ಎಂದು ಸ್ವಲ್ಪ ಸಿಟ್ಟಾದರು. ಆಮೇಲೆ ತಾವೇ, "ಇರಬಹುದು" ಎಂದರು. ನಾನು ಗೆದ್ದ ಉತ್ಸಾಹದಲ್ಲಿ, "ನೆನಪು ಸುಳ್ಳು ಹೇಳುತ್ತೆ ಮೇಷ್ಟ್ರೇ, ಫೋಟೋ ಹೇಳಲ್ಲ" ಎಂದೆ. ಆ ಮಾತು ಅವರಿಗೆ ಬಹಳ ಹಿಡಿಸಿತು. ಪ್ರಸಾದ ಕೊಡುವಾಗಲೂ ಜನಕ್ಕೆ ಹೇಳುತ್ತಿದ್ದರು: "ನಮ್ಮ ಪ್ರೊಫೆಸರು ಏನು ಹೇಳ್ತಾರೆ ಗೊತ್ತೇನ್ರೀ..."

ನನಗೆ ಒಂದೇ ಹುಚ್ಚು ಬಹಳ ದಿನ ನಿಲ್ಲುವುದಿಲ್ಲ. ಮೊದಲು ಜೇನು ಸಾಕಿದೆ, ಆಮೇಲೆ ಹಳೆಯ ರೇಡಿಯೋ ಬಿಚ್ಚಿದೆ. ಅದಾದ ಮೇಲೆ ಹಿಡಿದದ್ದು ಈ ಜಿಫ್ ಎಂಬ ಕುಣಿಯುವ ಚಿತ್ರಗಳ ಹುಚ್ಚು. ಮಾಡುವುದು ಸುಲಭ. ಫೋನಿನ ಗುಂಡಿ ಒತ್ತಿಹಿಡಿದರೆ ಪಟಪಟ ಫೋಟೋಗಳು ಬೀಳುತ್ತವೆ. ಚೆನ್ನಾಗಿರುವುದನ್ನು ಆರಿಸಿ ಒಂದರ ಹಿಂದೆ ಒಂದು ಪೋಣಿಸಿದರೆ ಅವು ಓಡತೊಡಗುತ್ತವೆ. ಕೊನೆಯದು ಮುಗಿದೊಡನೆ ಮೊದಲನೆಯದು. ನಿಲ್ಲುವ ಮಾತಿಲ್ಲ. ಹೆಂಡತಿ ಕಾವಲಿಗೆ ದೋಸೆ ಹಿಟ್ಟು ಹುಯ್ಯುವುದನ್ನು ಹಾಗೆ ಮಾಡಿ ಅವಳಿಗೆ ತೋರಿಸಿದೆ. "ಬರೀ ಹುಯ್ಯೋದೇ ಆಯ್ತು, ಬೇಯೋದು ಯಾವಾಗ?" ಎಂದಳು. ಆದರೆ ನಮ್ಮ ಬೀದಿಯ ವಾಟ್ಸಪ್ ಗುಂಪಿನಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಮಗು ಕೈ ಬೀಸುವುದು, ಹಸು ತಲೆ ಅಲ್ಲಾಡಿಸುವುದು ಎಂದು ಜನ ಕೇಳಿ ಮಾಡಿಸಿಕೊಳ್ಳತೊಡಗಿದರು.

ಕಾರ್ತಿಕದ ಒಂದು ಶನಿವಾರ ಸಂಜೆ ಗುಡಿ ತುಂಬ ಜನ. ಮೇಷ್ಟ್ರು ಮಂಗಳಾರತಿ ಎತ್ತಿದರು. ಅವರ ಹಿಂದೆ ನಿಂತು ನಾನು ಗುಂಡಿ ಒತ್ತಿಹಿಡಿದೆ. ತಟ್ಟೆ ಒಂದು ಪೂರ್ತಿ ಸುತ್ತು ಬಂದದ್ದು ಫೋಟೋಗಳಲ್ಲಿ ಸಿಕ್ಕಿತು. ಕೈ ತೀರ ಮೇಲೆ ಹೋದಾಗಿನ ಒಂದು ಫೋಟೋದಲ್ಲಿ ಗಂಟೆ ಬಾರಿಸುವವರ ಮೊಣಕೈ ಅಡ್ಡ ಬಂದಿತ್ತು, ಅದನ್ನು ತೆಗೆದುಹಾಕಿದೆ. ಉಳಿದದ್ದನ್ನು ಪೋಣಿಸಿದೆ. ಆ ಒಂದು ಫೋಟೋ ಇಲ್ಲದ್ದರಿಂದ ತಟ್ಟೆ ಮೇಲೆ ಹೋದಾಗ ಚಿತ್ರ ಒಂದಿಷ್ಟು ಎಗರುತ್ತಿತ್ತು. ಅದು ಬಿಟ್ಟರೆ ನಾನು ಅಲ್ಲಿಯತನಕ ಮಾಡಿದ್ದರಲ್ಲೆಲ್ಲ ಚೆಂದದ್ದು. ಕರ್ಪೂರದ ಬೆಳಕು ಹನುಮಂತನ ಮುಖದ ಮೇಲೆ ಸುತ್ತುತ್ತಲೇ ಇತ್ತು. ಗುಂಪಿಗೆ ಹಾಕಿದೆ. ಕೈಮುಗಿದ ಗುರುತುಗಳ ಸುರಿಮಳೆಯಾಯಿತು. ಫೋನಿನಲ್ಲಿ ಜಾಗ ಸಾಲದೆಂದು ಆ ರಾಶಿ ಫೋಟೋಗಳನ್ನೆಲ್ಲ ಅಳಿಸಿದೆ.

ಒಂದೆರಡು ದಿನವಾದ ಮೇಲೆ ಹಾರ್ಡ್‌ವೇರ್ ಅಂಗಡಿಯ ಮಾದಣ್ಣ ಕರೆದರು. ಗುಡಿಯ ಸಮಿತಿಗೆ ಅವರೇ ಕಾರ್ಯದರ್ಶಿ.

"ಸಾ, ಒಸಿ ಬನ್ನಿ ಇಲ್ಲಿ. ಇದು ನೀವು ಬುಟ್ಟಿದ್ದಲ್ವ?"

"ಹೌದು, ಯಾಕೆ?"

"ಸರ್ಯಾಗಿ ನೋಡಿ. ಮೇಷ್ಟ್ರು ಉಲ್ಟಾ ತಿರುಗಿಸ್ತಾವ್ರೆ. ಎಡಗಡೀಕೆ. ಇಂಗೆ ತಿರುಗ್ಸೋದು ಮಸಾಣ್ದಲ್ಲಿ ಸಾ, ದೇವಸ್ಥಾನ್ದಲ್ಲಲ್ಲ."

ನೋಡಿದೆ. ಎಡದಿಂದ ಮೇಲೇರಿ ಬಲಕ್ಕೆ ಇಳಿಯಬೇಕಾದ ತಟ್ಟೆ ಬಲದಿಂದ ಮೇಲೇರಿ ಎಡಕ್ಕೆ ಇಳಿಯುತ್ತಿತ್ತು. ದೇವರಿಗೆ ಸುತ್ತುವುದೆಲ್ಲ ಬಲಕ್ಕೆ, ಹೆಣಕ್ಕೆ ಮಾತ್ರ ಎಡಕ್ಕೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಷ್ಟು ಜನ ನೋಡಿ ಕೈಮುಗಿದಿದ್ದರು; ಒಬ್ಬರಿಗೂ ಕಂಡಿರಲಿಲ್ಲ. ಒಬ್ಬರು ಹೇಳಿದ ಮೇಲೆ ಎಲ್ಲರಿಗೂ ಅದೊಂದೇ ಕಾಣತೊಡಗಿತು.

"ನಿಮ್ಮ ಮೊಬೈಲ್ನಲ್ಲೇ ಏನಾರ ಎಡವಟ್ಟಾಗಿರ್ಬೋದಾ ಸಾ?" ಎಂದು ಮಾದಣ್ಣ ಕೇಳಿದರು. ನ್ಯಾಯವಾಗಿಯೇ ಕೇಳಿದರು. ಮನಸ್ಸಿನಲ್ಲಿ ಅವರಿಗೂ ಮೇಷ್ಟ್ರ ಮೇಲೆ ತಪ್ಪು ಹೊರಿಸುವ ಇಷ್ಟವಿರಲಿಲ್ಲ.

ನಾನು "ನೋಡಿ ಹೇಳ್ತೀನಿ" ಎಂದು ಹೇಳಿ ಬಂದೆ ಎಂದು ನನ್ನ ನೆನಪು. ಹೆಂಡತಿ ಅಲ್ಲೇ ಬಲ್ಬು ಕೊಳ್ಳುತ್ತಿದ್ದಳು. ಅವಳ ಪ್ರಕಾರ ನಾನು ನಕ್ಕು, "ಫೋಟೋ ಸುಳ್ಳು ಹೇಳಲ್ಲ ಮಾದಣ್ಣ" ಎಂದೆನಂತೆ. ಹೇಳಿರಲಾರೆ ಎಂದು ವಾದಿಸಿ ನೋಡಿದ್ದೇನೆ. ಆದರೆ ಅದು ನಾನು ಹೇಳುವಂಥದ್ದೇ ಮಾತು. ನಾನು ಮನೆಗೆ ಬಂದು ಏನನ್ನೂ ನೋಡಲಿಲ್ಲ ಎಂಬುದಂತೂ ನಿಜ. ಫೋಟೋಗಳು ಅಳಿಸಿಹೋಗಿದ್ದವು, ನೋಡುವುದಕ್ಕೆ ಏನಿದೆ ಎಂದುಕೊಂಡೆ. ಎಪ್ಪತ್ತು ದಾಟಿದವರು, ಒಂದು ದಿನ ಕೈ ತಪ್ಪಿದೆ, ಅದರಲ್ಲೇನು ಎಂದೂ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರೇ ಬಂದರು. ನಮ್ಮ ಮನೆಯ ಒಳಗೆ ಅವರು ಬರುತ್ತಿದ್ದುದು ಅಪರೂಪ. "ಎಲ್ಲಿ, ಆ ಚಿತ್ರ ತೋರಿಸು" ಎಂದರು. ತೋರಿಸಿದೆ. ಫೋನನ್ನು ತುಸು ದೂರ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು ನೋಡಿದರು.

"ಇದು ನಿಲ್ಲೋದಿಲ್ವೇನಯ್ಯ?"

"ಇಲ್ಲ ಮೇಷ್ಟ್ರೇ, ಸುತ್ತುತ್ತಲೇ ಇರುತ್ತೆ."

"ಮೇಲೆ ಹೋದಾಗ ಎಗರ್ತದಲ್ಲ?"

"ಅಲ್ಲೊಂದು ಫೋಟೋ ಕೆಟ್ಟಿತ್ತು, ತೆಗೆದುಹಾಕಿದೆ."

ಮತ್ತೆ ನೋಡಿದರು. ಅವರಿಗೆ ಗೊತ್ತಿಲ್ಲದೆಯೇ ಬಲಗೈ ಮೇಲೆದ್ದು ಗಾಳಿಯಲ್ಲಿ ಸುತ್ತತೊಡಗಿತು. ಅವರ ಕೈ ಬಲಕ್ಕೆ, ಫೋನಿನಲ್ಲಿರುವ ಅವರ ಕೈ ಎಡಕ್ಕೆ. ಎರಡನ್ನೂ ನೋಡಿ ನೋಡಿ ನಿಲ್ಲಿಸಿದರು.

"ನನ್ನ ನೆನಪಲ್ಲಿ ಅವತ್ತೂ ಬಲಸುತ್ತೇ ಸುತ್ತಿದೀನಿ. ಪ್ರಮಾಣ ಮಾಡು ಅಂದ್ರೆ ಮಾಡ್ತಿದ್ದೆ. ಆದ್ರೆ ನೀನೇ ಹೇಳಿದೀಯಲ್ಲ, ನೆನಪು ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತೆ ಅಂತ. ನಾನು ಒಪ್ಪಿಯೂ ಇದೀನಿ."

ನನಗೆ ಅವರನ್ನು ಸಮಾಧಾನ ಮಾಡಬೇಕು ಎನ್ನಿಸಿತು. "ಬಿಡಿ ಮೇಷ್ಟ್ರೇ, ವಯಸ್ಸಾಯ್ತು, ಒಂದು ದಿನ ಹಾಗಾಗುತ್ತೆ" ಎಂದೆ. ಇದನ್ನು ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಹೆಂಡತಿಯೂ ಒಪ್ಪುತ್ತಾಳೆ. ಅವರು ತೊಡೆ ತಟ್ಟಿಕೊಂಡರು. "ಒಪ್ಪಿದೆ" ಎಂದು ಎದ್ದು ಹೋದರು.

ಅವತ್ತಿನಿಂದ ಅವರ ಕೈ ಅನುಮಾನಕ್ಕೆ ಬಿತ್ತು. ತಟ್ಟೆ ಎತ್ತುತ್ತಿದ್ದರು, ಅರ್ಧಕ್ಕೆ ನಿಲ್ಲಿಸುತ್ತಿದ್ದರು, ಯಾವ ಕಡೆಯಿಂದ ಬಂದೆ ಎಂದು ಯೋಚಿಸುವವರಂತೆ ತಟ್ಟೆಯನ್ನೇ ನೋಡುತ್ತಿದ್ದರು. ಗಂಟೆ ಬಾರಿಸುವವರು ಬಾರಿಸುತ್ತಲೇ ಇರುತ್ತಿದ್ದರು. ಒಮ್ಮೆ ನಿಜವಾಗಿಯೂ ಎಡಕ್ಕೆ ತಿರುಗಿಸಿ, ತಾವೇ ಬೆಚ್ಚಿ ಹಿಂದಕ್ಕೆ ತಂದರು. ಆಗ ಎಲ್ಲರೂ ನೋಡಿದರು. ಚಿತ್ರ ಹೇಳಿದ್ದು ನಿಜವಾಯಿತು. ಪೂಜೆ ಬಿಡಿ ಎಂದು ಸಮಿತಿಯವರು ಕೇಳಲಿಲ್ಲ. ಮೇಷ್ಟ್ರೇ ಸಂಕ್ರಾಂತಿಗೆ ಮುಂಚೆ ಮಾದಣ್ಣನ ಅಂಗಡಿಗೆ ಹೋಗಿ ಕೀಲಿಕೈ ಕೊಟ್ಟರು. ಬಿಡಬೇಡಿ ಎಂದು ಮಾದಣ್ಣ ಕಾಲಿಗೆ ಬಿದ್ದರಂತೆ. "ಕಾಲಲ್ಲ ಮಾದಣ್ಣ, ತೊಂದರೆ ಇರೋದು ಕೈಲಿ" ಎಂದರಂತೆ. ಎದುರುಮನೆಯನ್ನು ಬಾಡಿಗೆಗೆ ಕೊಟ್ಟು ನರಸೀಪುರಕ್ಕೆ ಮಗಳ ಮನೆಗೆ ಹೋದರು.

ಅವರ ಮಗಳ ಮನೆ ನಾನು ಬಸ್ ನಿಲ್ದಾಣದಿಂದ ಕಾಲೇಜಿಗೆ ನಡೆಯುವ ದಾರಿಯಲ್ಲೇ ಇದೆ. ಬಾಗಿಲಲ್ಲಿ ಕೂತಿರುತ್ತಿದ್ದರು. "ಬಂದನಪ್ಪ ಅನುಮಾನದ ಮೇಷ್ಟ್ರು" ಎಂದು ಮೊದಲಿನಂತೆಯೇ ಕೂಗುತ್ತಿದ್ದರು. ಕೈ ಮಾತ್ರ ಮಡಿಲಲ್ಲಿರುತ್ತಿತ್ತು. ಮಾತಿನ ಜೊತೆ ಸುತ್ತು ಹಾಕುತ್ತಿರಲಿಲ್ಲ. ಒಂದು ದಿನ ಕಾಫಿಗೆ ವಿಜಯಾಳೇ ಸಕ್ಕರೆ ಕಲಕಿ ಕೊಟ್ಟದ್ದನ್ನು ನೋಡಿದೆ.

ಅದೇ ವರ್ಷ ನಾನು ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಜೀವಮಾನವಿಡೀ ಮಾಡಿದ ಕೆಲಸದಲ್ಲೂ ಮನುಷ್ಯ ಹೇಗೆ ತಪ್ಪುತ್ತಾನೆ, ತಪ್ಪಿದ್ದು ತನಗೇ ಹೇಗೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಉದಾಹರಣೆಯಾಗಿ. ಹೆಸರು ಹೇಳಲಿಲ್ಲ. ಹುಡುಗರು ನಕ್ಕರು. ಮೇಷ್ಟ್ರು ಅಲ್ಲಿಂದ ಎರಡು ಬೀದಿಯಾಚೆ ಬಾಗಿಲಲ್ಲಿ ಕೂತಿದ್ದರು.

ಮತ್ತೆ ಕಾರ್ತಿಕ ಬಂತು. ಒಂದು ಸಂಜೆ ನಾನು ಹಜಾರದಲ್ಲಿ ಕೂತಿದ್ದಾಗ ಹೆಂಡತಿ ದೇವರ ಮನೆಯಿಂದ ದೀಪ ಹಚ್ಚಿಕೊಂಡು ತುಳಸಿಕಟ್ಟೆಗೆ ಹೊರಟಳು. ಅಂಗೈ ಅಡ್ಡ ಹಿಡಿದಿದ್ದಳು. ಅವಳು ಮುಂದಕ್ಕೆ ನಡೆದಂತೆ ದೀಪದ ಉರಿ ಹಿಂದಕ್ಕೆ, ಅವಳ ಕಡೆಗೆ ಬಾಗಿತ್ತು. ನಿಂತಳು, ಉರಿ ನೆಟ್ಟಗಾಯಿತು. ಮತ್ತೆ ನಡೆದಳು, ಮತ್ತೆ ಬಾಗಿತು.

ಫೋನ್ ತೆಗೆದೆ. ಕರ್ಪೂರದ ಉರಿ ತಟ್ಟೆಗಿಂತ ಮುಂದೆ ಓಡುತ್ತಿತ್ತು. ತಟ್ಟೆ ಎಡಕ್ಕೆ ಹೋದರೆ ಉರಿಯೂ ಎಡಕ್ಕೇ ಚಾಚಿಕೊಂಡಿತ್ತು. ಹೋಗುವ ದಿಕ್ಕಿಗೇ ಬಾಗುವ ಉರಿ ಲೋಕದಲ್ಲಿಲ್ಲ. ಆಮೇಲೆ ಉಳಿದದ್ದು ಹೊಳೆಯುವುದು ಕಷ್ಟವಾಗಲಿಲ್ಲ. ಫೋನು ಫೋಟೋಗಳನ್ನು ಜೋಡಿಸಿಡುವಾಗ ಕೊನೆಯಲ್ಲಿ ತೆಗೆದದ್ದನ್ನು ಮೇಲಿಡುತ್ತದೆ. ನಾನು ಅವತ್ತು ಅವಸರದಲ್ಲಿ ಮೇಲಿನಿಂದ ಕೆಳಕ್ಕೆ ಆರಿಸುತ್ತ ಹೋಗಿದ್ದೆ. ದೋಸೆಯನ್ನು, ಹಸುವನ್ನು ಮಾಡುವಾಗ ಕೆಳಗಿನಿಂದ ಆರಿಸಿದ್ದವನು ಅವತ್ತು ಯಾಕೆ ಮರೆತೆನೋ. ಮೇಷ್ಟ್ರು ಬಲಕ್ಕೇ ಸುತ್ತಿದ್ದರು. ಎಡಕ್ಕೆ ಸುತ್ತಿದವನು ನಾನು.

"ಏನ್ರೀ, ಹಾಗ್ಯಾಕೆ ಕೂತಿದೀರಿ?" ಎಂದಳು ಹೆಂಡತಿ. ಹೇಳಿದೆ. ಅವಳು ದೀಪ ಇಟ್ಟು ಬಂದು, "ನಾಳೆ ಮೊದಲನೇ ಬಸ್ಸಿಗೆ ಹೋಗಿ" ಎಂದಳು.

ಹೋದೆ. ಮೇಷ್ಟ್ರು ಬಾಗಿಲಲ್ಲಿದ್ದರು. ಅವರ ಪಕ್ಕ ನೆಲದ ಮೇಲೆ ಕೂತು, ಉರಿಯನ್ನು ತೋರಿಸಿ, ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಅವರು ನನ್ನ ಮಾತು ಪೂರ್ತಿ ಕೇಳಿದರು. ಮಗಳನ್ನು ಕರೆದು ಒಂದು ಮೇಣದಬತ್ತಿ ತರಿಸಿ, ಹಚ್ಚಿ, ಆ ಕಡೆ ಈ ಕಡೆ ಆಡಿಸಿ ಉರಿ ನೋಡಿದರು. ಮುಖ ಅರಳಿತು.

"ಹಾಗಾದ್ರೆ ನಾನು ಕೆಟ್ಟಿಲ್ಲ!"

"ಇಲ್ಲ ಮೇಷ್ಟ್ರೇ."

"ರಸಬಾಳೆ ಬಗ್ಗೆಯೂ ನಾನು ಹೇಳಿದ್ದೇ ಸರಿ ಇರಬಹುದು ಹಾಗಾದ್ರೆ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಅವರು ಒಳಗಿನಿಂದ ಸ್ಟೀಲಿನ ತಟ್ಟೆಯೊಂದನ್ನು ತರಿಸಿ, ಎದ್ದು ನಿಂತು ಎತ್ತಿದರು. ತಟ್ಟೆ ಎಡಭುಜದ ಹತ್ತಿರ ಹೋಗಿ ನಿಂತುಬಿಟ್ಟಿತು. ಇಳಿಸಿದರು. ಇನ್ನೊಮ್ಮೆ ಎತ್ತಿದರು. ಅಲ್ಲೇ ನಿಂತಿತು.

"ನನಗೆ ನೀನು ಹೇಳಿದ್ದು ಅರ್ಥ ಆಯ್ತು ಕಣಯ್ಯ" ಎಂದರು. "ಕೈಗೆ ಆಗ್ಲಿಲ್ಲ ನೋಡು."

ಅಲ್ಲೇ ಕೂತು ಚಿತ್ರದೊಳಗಿನ ಫೋಟೋಗಳನ್ನು ಬಿಡಿಬಿಡಿಯಾಗಿ ತೆಗೆದು, ಹಿಂದುಮುಂದಾಗಿ ಪೋಣಿಸಿ, ಬಲಕ್ಕೆ ಸುತ್ತುವ ಹಾಗೆ ಮಾಡಿಕೊಟ್ಟೆ. ಮೇಲೆ ಹೋದಾಗ ಎಗರುವುದು ಮಾತ್ರ ಹಾಗೇ ಉಳಿಯಿತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟೇ ಕೆಲಸವನ್ನು ಹೋದ ಕಾರ್ತಿಕದಲ್ಲಿ ಮಾದಣ್ಣ ಕೇಳಿದ ಸಂಜೆಯೇ ಮಾಡಬಹುದಿತ್ತು. ಬೀದಿಯ ಗುಂಪಿಗೂ ಹಾಕಿ, ತಪ್ಪು ನನ್ನದು ಎಂದು ಬರೆದೆ. ಯಾರೋ ಒಬ್ಬರು ಹೆಬ್ಬೆರಳು ತೋರಿಸಿದರು. ಅದರ ಬೆನ್ನಿಗೇ ಯಾರದೋ ಹುಟ್ಟುಹಬ್ಬದ ಕೇಕು ಬಂದು, ಶುಭಾಶಯಗಳ ಕೆಳಗೆ ನನ್ನ ಮಾತು ಎಲ್ಲೋ ಹೋಯಿತು. ಮಾದಣ್ಣನಿಗೆ ನೇರವಾಗಿಯೇ ಹೋಗಿ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು.

"ಏನ್ ಸಾ ಇಂಗ್ ಮಾಡ್ಬುಟ್ರಿ. ಈಗ ಒಸಾ ಅಯ್ನೋರು ಬಂದು ಒಂದೊರ್ಸಾಯ್ತಾ ಬಂತು, ಅವ್ರ್ನ ಎಂಗ್ ಓಗಿ ಅನ್ನದು? ಮೇಷ್ಟ್ರು ಬತ್ತೀನಿ ಅಂದ್ರೆ ಎದ್ದೋಗಿ ಕರ್ಕಂಬತ್ತೀನಿ, ಅದ್ ಬ್ಯಾರೆ ಮಾತು."

ಮೇಷ್ಟ್ರಿಗೆ ಇದನ್ನು ಹೇಳಿದೆ. "ಬರ್ತೀನಂತೆ ಅನ್ನು. ಮೊದಲು ಕೈ ಬರ್ಲಿ" ಎಂದರು.

ಅವರು ಸಾಧನೆಗೆ ಕೂತರು. ಸಂಜೆ ದೀಪ ಹಚ್ಚಿದ ಮೇಲೆ ಮಗಳ ಫೋನನ್ನು ದೇವರ ಮುಂದೆ ಕುಂಕುಮದ ಭರಣಿಗೆ ಒರಗಿಸಿ, ಅದರಲ್ಲಿ ಸುತ್ತುತ್ತಿರುವ ತಮ್ಮನ್ನು ತಾವೇ ನೋಡಿಕೊಂಡು ತಟ್ಟೆ ಎತ್ತುತ್ತಿದ್ದರು. ಅದರ ಜೊತೆ ಸುತ್ತಿದರೆ ಕೈ ಸುತ್ತುತ್ತಿತ್ತು. ಫೋನಿನ ಬೆಳಕು ಆರಿದರೆ ಕೈಯೂ ನಿಲ್ಲುತ್ತಿತ್ತು. "ನನ್ನ ಕೈ ನಿನ್ನ ಫೋನಲ್ಲಿದೆ ಕಣಯ್ಯ, ಯಾವಾಗ ವಾಪಸು ಕೊಡ್ತೀಯ?" ಎಂದು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು. ಬಯ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕ್ರಮೇಣ ಫೋನಿಲ್ಲದೆಯೂ ಕೈ ಬಂತು. ಬೇಸಿಗೆಯ ಹೊತ್ತಿಗೆ ವಿಜಯಾ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಅಪ್ಪ ಈಗ ಫೋನು ನೋಡೋದೇ ಇಲ್ಲ ಸರ್. ಸೊಗಸಾಗಿ ಎತ್ತುತ್ತಾರೆ. ನೀವೊಂದು ಸಂಜೆ ಬನ್ನಿ" ಎಂದಳು. ಬರುತ್ತೇನೆ ಎಂದೆ. ಸಂಜೆಯ ಬಸ್ಸು ತಪ್ಪುತ್ತದೆ ಎಂದುಕೊಂಡು ನಾಳೆ, ನಾಡಿದ್ದು ಎಂದು ಮುಂದೆ ಹಾಕಿದೆ. ಬಸ್ಸು ನೆಪ. ಆ ಕೈ ನೋಡುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಶ್ರಾವಣದಲ್ಲಿ ಗುಡಿಗೆ ವಾಪಸು ಬರುತ್ತೇನೆ ಎಂದು ಮೇಷ್ಟ್ರು ಮಾದಣ್ಣನಿಗೆ ಹೇಳಿ ಕಳಿಸಿದ್ದರು. ಆಷಾಢ ಮುಗಿಯುವ ಮುಂಚೆ, ಊಟ ಮಾಡಿ 'ಸ್ವಲ್ಪ ಒರಗ್ತೀನಿ' ಎಂದು ಮಲಗಿದವರು ಏಳಲಿಲ್ಲ.

ನರಸೀಪುರದಲ್ಲಿ ಹೊಳೆಯ ದಡದಲ್ಲಿ ಅಳಿಯ ಮಡಕೆ ಹೊತ್ತು ಚಿತೆಗೆ ಎಡಸುತ್ತು ಬಂದರು. ಅಲ್ಲಿ ಅದೇ ಸರಿ. ನಾನು ನೀರಿನ ಕಡೆ ನೋಡುತ್ತ ನಿಂತೆ. ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ಬೀದಿಯ ಗುಂಪಿನಲ್ಲಿ ಯಾರೋ ಮೇಷ್ಟ್ರ ಚಿತ್ರವನ್ನು ಹುಡುಕಿ, ಸುತ್ತ ಹೂವಿನ ಹಾರ ಹಾಕಿ, 'ಓಂ ಶಾಂತಿ' ಎಂದು ಬರೆದು ಹಾಕಿದ್ದರು. ಹಳೆಯ ಚಿತ್ರವೇ. ಎಡಕ್ಕೆ ಸುತ್ತುವುದು. ಅದರ ಕೆಳಗೆ ಕೈಮುಗಿದ ಗುರುತುಗಳು ಬರುತ್ತಲೇ ಇದ್ದವು.

ಹೋದ ತಿಂಗಳು ವಿಜಯಾ ಮತ್ತೆ ಕರೆದಳು. ಅಪ್ಪನ ಹಿತ್ತಾಳೆ ತಟ್ಟೆಯನ್ನು ಮಾದಣ್ಣನೇ ಹೋಗಿ ಕೊಟ್ಟುಬಂದಿದ್ದರಂತೆ; ಗುಡಿಗೆ ಬೇರೆ ತಟ್ಟೆ ತಂದಿದ್ದಾರೆ, ಇದು ಮನೆತನದ್ದು, ನಿಮ್ಮಲ್ಲೇ ಇರಲಿ ಎಂದು. ಈ ಸಲ ಹೋದೆ. ಸಂಜೆಯಾಗಿತ್ತು. ಅವಳು ಕಚೇರಿಯಿಂದ ಬಂದು ಕೈಕಾಲು ತೊಳೆದು, ಕರ್ಪೂರ ಹಚ್ಚಿ ತಟ್ಟೆ ಎತ್ತಿದಳು. ಎರಡೂ ಕೈಯಲ್ಲಿ ಹಿಡಿಯಬೇಕಾಯಿತು, ಅಷ್ಟು ಭಾರ. ಎಡದಿಂದ ಮೇಲಕ್ಕೆ ಹೋಯಿತು. ತೀರ ಮೇಲೆ ಹೋದಾಗ ಒಂದು ಗಳಿಗೆ ನಿಂತಿತು. ಆಮೇಲೆ ತುಸು ಎಗರಿದಂತೆ ಬಲಕ್ಕೆ ಇಳಿಯಿತು. ಪ್ರತಿ ಸುತ್ತಿನಲ್ಲೂ ಅಲ್ಲೇ ನಿಲ್ಲುತ್ತಿತ್ತು, ಅಲ್ಲೇ ಎಗರುತ್ತಿತ್ತು.

ನಾನು ನೋಡುತ್ತಿದ್ದುದನ್ನು ಕಂಡು ಅವಳು ಹೇಳಿದಳು: "ಅಪ್ಪ ಹೀಗೇ ಎತ್ತುತ್ತಿದ್ದರು ಸರ್. ಮೇಲೆ ಹೋದಾಗ ದೇವರ ಮುಖ ಒಂದು ಗಳಿಗೆ ನೋಡಿ, ಆಮೇಲೆ ಇಳಿಸೋರು. ಎಷ್ಟು ಚೆಂದ ಅಲ್ವಾ? ಬೇರೆ ಯಾರೂ ಹೀಗೆ ಮಾಡಲ್ಲ. ನಾನು ಚಿಕ್ಕವಳಿದ್ದಾಗಲೂ ಹೀಗೇ."

ಚಿಕ್ಕಂದಿನ ಮಾತು ಇರಲಾರದು ಎಂದು ನನಗೆ ಗೊತ್ತು. ಅಥವಾ ಗೊತ್ತು ಎಂದುಕೊಂಡಿದ್ದೇನೆ. ಗಂಟೆ ಬಾರಿಸುವವರ ಮೊಣಕೈ ಅಡ್ಡ ಬಂದು ನಾನು ತೆಗೆದುಹಾಕಿದ ಫೋಟೋ ಅದೇ ಜಾಗದ್ದು.

ಅವಳು ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ಮಂಗಳಾರತಿ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅವಳು ಕಾಯುತ್ತಿದ್ದಳು. ಎರಡೂ ಅಂಗೈಗಳನ್ನು ಉರಿಯ ಮೇಲೆ ಆಡಿಸಿ ಕಣ್ಣಿಗೆ ಒತ್ತಿಕೊಂಡೆ.

"ಹೌದಮ್ಮ" ಎಂದೆ. "ಹೀಗೇ ಎತ್ತುತ್ತಿದ್ದರು."